ಇನ್ನೂರೈವತ್ತಾರು ಬಣ್ಣದ ಕೊಬ್ಬರಿ

ಮಾವನವರು ಬಲಗಣ್ಣಿನ ಪೊರೆ ತೆಗೆಸಿಕೊಂಡು ಬಂದ ಮೇಲೆ ನಮ್ಮ ಮನೆಯಲ್ಲಿ ಹಾಲಿನ ಬಣ್ಣದ ಬಗ್ಗೆ ಜಗಳ ಶುರುವಾಯಿತು. ಲೋಟ ಕೈಗೆ ತೆಗೆದುಕೊಂಡವರು ಮೊದಲು ಎಡಗಣ್ಣು ಮುಚ್ಚಿ ನೋಡುವರು, ಆಮೇಲೆ ಬಲಗಣ್ಣು ಮುಚ್ಚಿ ನೋಡುವರು, ಮತ್ತೆ ಎಡಗಣ್ಣು.

“ಇದ್ಯಾಕೆ ಹಾಲು ನೀಲಿ ಐತೆ?”

“ನೀಲಿ ಹಾಲು ಯಾವ ಹಸ ಕೊಡ್ತದೆ? ಸುಮ್ಕೆ ಕುಡೀರಿ,” ಎಂದು ಅತ್ತೆ ಒಲೆಯ ಮುಂದಿನಿಂದಲೇ ಅನ್ನುವರು.

“ಈ ಕಣ್ಣಲ್ಲಿ ನೋಡಿದ್ರೆ ನೀಲಿ, ಆ ಕಣ್ಣಲ್ಲಿ ನೋಡಿದ್ರೆ ತುಪ್ಪ ಬಿಟ್ಟಂಗೆ ಹಳದಿ. ಯಾವ್ದು ದಿಟ ಅಂತ ನೀನೇ ಹೇಳೇ.”

“ಎರಡೂ ಮುಚ್ಕಂಡು ಕುಡೀರಿ. ರುಚಿ ಒಂದೇ.”

ಅತ್ತೆಗೆ ಅದು ತಮಾಷೆ. ಡಾಕ್ಟರು ಮೊದಲೇ ಹೇಳಿ ಕಳಿಸಿದ್ದರು, ಪೊರೆ ತೆಗೆದ ಕಣ್ಣಿಗೆ ಬಿಳಿ ಸ್ವಲ್ಪ ನೀಲಿಯಾಗಿ ಕಾಣುತ್ತದೆ, ಇನ್ನೊಂದು ಕಣ್ಣಿನಲ್ಲಿ ಪೊರೆ ಇನ್ನೂ ಇರುವುದರಿಂದ ಅದಕ್ಕೆ ಹಳದಿ, ದಿನ ಕಳೆದಂತೆ ರೂಢಿಯಾಗುತ್ತದೆ ಎಂದು. ಆದರೆ ಮಾವನವರು ರೂಢಿಗಾಗಿ ಕಾಯುವ ಸ್ಥಿತಿಯಲ್ಲಿರಲಿಲ್ಲ. ಅವರ ಬದುಕೇ ಕಣ್ಣಿನ ಮೇಲೆ ನಿಂತಿತ್ತು.

ನಮ್ಮದು ಬಿಳಿಗೆರೆ. ಮದುವೆಯಾಗಿ ಬಂದು ಹೊಸಿಲು ದಾಟಿದ ಕೂಡಲೇ ನನ್ನ ಮೂಗಿಗೆ ಬಡಿದದ್ದು ಅಟ್ಟದ ವಾಸನೆ. ಹೊಗೆ, ಮಟ್ಟೆ, ಎಣ್ಣೆ ಮೂರೂ ಕಲೆತದ್ದು. ಕಾಯಿಯನ್ನು ಸುಲಿಯದೆ ಹಾಗೇ ಅಟ್ಟಕ್ಕೇರಿಸಿ ವರ್ಷಕ್ಕೆ ಹತ್ತಿರ ಹತ್ತಿರ ಬಿಟ್ಟರೆ ಒಳಗಿನ ನೀರು ತಾನಾಗಿ ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗೊಟಗೊಟ ಅನ್ನುತ್ತದೆ. ಮಟ್ಟೆ, ಕರಟ ಎರಡನ್ನೂ ಬಿಡಿಸಿದಾಗ ಸಿಗುವುದೇ ಉಂಡೆ ಕೊಬ್ಬರಿ. ಅದನ್ನು ಉಂಡೆಯಾಗಿಯೇ ಮಾರಬೇಕು. ಒಡೆದದ್ದು, ಬೂಷ್ಟು ಹಿಡಿದದ್ದು ಎಣ್ಣೆ ಮಿಲ್ಲಿಗೆ, ಸಿಕ್ಕಷ್ಟು ಬೆಲೆಗೆ. ಹಾಗಾಗಿ ಒಳಗೆ ಏನಾಗಿದೆ ಎಂಬುದನ್ನು ಹೊರಗಿನ ಕಂದು ಸಿಪ್ಪೆಯ ಮೇಲಿನ ಬಣ್ಣ ನೋಡಿಯೇ ಹೇಳಬೇಕು. ಮಾವನವರು ಹಾಗೆ ನೋಡಿಯೇ ಹೇಳುತ್ತಿದ್ದರು. ನಮ್ಮ ಊರಿನವರು ಮಾತ್ರವಲ್ಲ, ಶೆಟ್ಟಿಕೆರೆ ಕಡೆಯವರೂ ಚೀಲದಲ್ಲಿ ನಾಲ್ಕು ಉಂಡೆ ಹಾಕಿಕೊಂಡು ಬಂದು ಜಗುಲಿಯ ಮೇಲೆ ಉರುಳಿಸುವರು. “ಒಸಿ ನೋಡ್ಬುಡಿ ಯಜಮಾನ್ರೇ.” ಇವರು ಕೈಗೂ ತೆಗೆದುಕೊಳ್ಳದೆ, “ಅದೊಂದನ್ನ ಆಚೆಗಿಡು, ಒಳಗೆ ಕೆಟ್ಟೈತೆ,” ಅನ್ನುವರು. ಒಡೆದರೆ ಕೆಟ್ಟೇ ಇರುತ್ತಿತ್ತು. ನಮ್ಮ ಅಟ್ಟದ ಕೊಬ್ಬರಿಗೆ ಬೂಷ್ಟು ಎಂಬ ಮಾತನ್ನು ಯಾರೂ ಆಡಿದವರಿರಲಿಲ್ಲ.

ಕಂಪ್ಯೂಟರು ಮನೆಗೆ ಬಂದದ್ದು ನನ್ನವರಿಗಾಗಿ. ಕಿಬ್ಬನಹಳ್ಳಿ ಕ್ರಾಸಿನಲ್ಲಿ ಅವರದು ಪಂಪ್‌ಸೆಟ್ಟಿನ ಅಂಗಡಿ. ಬಿಲ್ಲು ಬರೆಯಲು ಸಲೀಸಾಗುತ್ತದೆಂದು ಯಾರೋ ಹೇಳಿದ್ದಕ್ಕೆ ಒಂದು ಕಂಪ್ಯೂಟರು ತಂದು, ತಿಪಟೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ಮಹಡಿಯ ಮೇಲಿದ್ದ ಕಂಪ್ಯೂಟರ್ ಕ್ಲಾಸಿಗೂ ಸೇರಿಕೊಂಡರು. ಎರಡು ದಿನ ಹೋದರು. ಮೂರನೆಯ ದಿನ ಊಟಕ್ಕೆ ಕೂತಾಗ, “ನನ್ ಕೈಗೆ ಸ್ಪ್ಯಾನರೇ ಸರಿ ಕಣೇ. ನೀನು ಕಾನ್ವೆಂಟಲ್ಲಿ ಓದ್ದೋಳು, ಹೆಂಗೂ ಮಧ್ಯಾಹ್ನ ಬಾಗಿಲಿಂದ ಬಾಗಿಲಿಗೆ ಓಡಾಡ್ತಾ ಇರ್ತೀಯ. ಹೋಗಿ ಕಲ್ತ್ಕೊ,” ಅಂದರು.

ಓಡಾಡುತ್ತಿದ್ದದ್ದು ನಿಜ. ಕೈ ಖಾಲಿ ಇದ್ದರೆ ನನಗೆ ಮೈಯೆಲ್ಲ ಏನೋ ಹರಿದಾಡಿದ ಹಾಗೆ ಆಗುತ್ತದೆ. ಅದಕ್ಕೇ ಕಾನ್ವೆಂಟಿನ ಸಿಸ್ಟರು ನನ್ನ ಕೈಗೆ ಯಾವಾಗಲೂ ಕ್ರಾಸ್ ಸ್ಟಿಚ್ಚಿನ ಬಟ್ಟೆ ಕೊಟ್ಟು ಕೂರಿಸುತ್ತಿದ್ದರು. ಕ್ಲಾಸಿನಲ್ಲಿ ಕಲಿಸಿದ ವಿ.ಬಿ. ಎಂಬ ಪ್ರೋಗ್ರಾಮು ಬರೆಯುವ ಭಾಷೆ ನನಗೆ ಆ ಬಟ್ಟೆಯ ಹಾಗೆಯೇ ಕಂಡಿತು. ಖಾಲಿ ಚೌಕದ ಮೇಲೆ ಒಂದು ಗುಂಡಿ ಎಳೆದು ತಂದು ಇಡುವುದು, ಅದರ ಹಿಂದೆ ನಾಲ್ಕು ಸಾಲು ಬರೆಯುವುದು, ಒತ್ತಿದರೆ ಅದು ಹೇಳಿದ ಕೆಲಸ ಮಾಡುವುದು. ಅನ್ನಕ್ಕಿಟ್ಟು ಬಂದು ಎರಡು ಸಾಲು, ಬಟ್ಟೆ ಹಿಂಡಿ ಬಂದು ಎರಡು ಸಾಲು ಎಂದು ಬರೆಯತೊಡಗಿದೆ.

ಆಗಲೇ ಉತ್ತರ ಭಾರತದ ಕಡೆಯ ಒಬ್ಬ ಕೊಬ್ಬರಿ ವ್ಯಾಪಾರಿಯ ಪರಿಚಯ ನನ್ನವರಿಗಾಯಿತು. ನಡುವೆ ಯಾರೂ ಇಲ್ಲದೆ ನೇರವಾಗಿ ತೆಗೆದುಕೊಳ್ಳುತ್ತೇನೆ, ಆದರೆ ಮಾಲು ಹೇಗಿದೆ ಅಂತ ಮೊದಲು ನೋಡಬೇಕು ಎಂದು ಅವರ ಮಾತು. “ಸ್ಯಾಂಪಲ್ ಕಳ್ಸಿದ್ರೆ ದಾರೀಲಿ ಪುಡಿಯಾಗ್ತದೆ. ನೀನು ಕಂಪ್ಯೂಟರಲ್ಲಿ ಏನಾದ್ರೂ ಮಾಡಿ ತೋರ್ಸು,” ಅಂದರು ನನ್ನವರು. ಮಾವನವರಿಗೂ ಹುರುಪು ಬಂತು. ತಾವೇ ಅಟ್ಟ ಹತ್ತಿ ಉಂಡೆಗಳನ್ನು ಆರಿಸಿದರು. ಆಗ ಅವರ ಕಣ್ಣಿನ ಆಪರೇಶನ್ನಿಗೆ ಇನ್ನೂ ದಿನವಿತ್ತು.

ಒಳಗಿನ ಬಿಳಿಯೂ ಕಾಣಲೆಂದು ಅವನ್ನು ಒಡೆದು, ಊಟದ ಡಬ್ಬಿಯಲ್ಲಿ ಆ ಹೋಳುಗಳನ್ನು ಇಟ್ಟುಕೊಂಡು ಬಸ್ಸು ಹತ್ತಿದೆ. ಕ್ಲಾಸಿನಲ್ಲಿ ಒಂದು ಸ್ಕ್ಯಾನರ್ ಇತ್ತು. ಅದರ ಗಾಜಿನ ಮೇಲೆ ಹೋಳುಗಳನ್ನೇ ಬೋರಲು ಹಾಕಿ, ಮೇಲೆ ಬಿಳಿ ಕರ್ಚೀಫು ಮುಚ್ಚಿ ಚಿತ್ರ ತೆಗೆದೆ. ಪಾಠ ಹೇಳುವ ಮೇಷ್ಟ್ರು, ಮದುವೆಯಾಗಿ ಎರಡು ಮಕ್ಕಳಿದ್ದವರು, ತಲೆಯ ಮೇಲೆ ಕೈ ಹೊತ್ತರು. “ಮೇಡಂ, ಗಾಜಿಗೆಲ್ಲ ಎಣ್ಣೆ! ನಾಳೆ ಯಾರ್ದಾದ್ರೂ ಮಾರ್ಕ್ಸ್ ಕಾರ್ಡ್ ಇಟ್ರೆ ಒಗ್ಗರಣೆ ವಾಸ್ನೆ ಬತ್ತದೆ.”

ಕೊಬ್ಬರಿಯ ಚಿತ್ರಗಳ ಜೊತೆಗೆ ನಮ್ಮ ತೋಟದ ಒಂದು ಫೋಟೋ. ಮೊದಲ ಪುಟಕ್ಕೆ ಅದನ್ನೇ ಹಿನ್ನೆಲೆಯಾಗಿ ಹಾಕಿದೆ. ತೋಟ ಕಂಡ ಕೂಡಲೇ ಅದರ ಮೇಲೆ ಒಂದೊಂದೇ ಕೊಬ್ಬರಿ ಮೂಡಿ ಬರಬೇಕು, ಇದು ನನ್ನ ಆಸೆ. ಚಿತ್ರಗಳೋ ವಿಪರೀತ ದೊಡ್ಡವು, ಫ್ಲಾಪಿಯಲ್ಲಿ ಹಿಡಿಸುವುದಿಲ್ಲ. ಮೇಷ್ಟ್ರು ಉಪಾಯ ಹೇಳಿಕೊಟ್ಟರು: ಒಂದೊಂದು ಚಿತ್ರಕ್ಕೂ ಇನ್ನೂರೈವತ್ತಾರೇ ಬಣ್ಣ ಇಟ್ಟು ಮಿಕ್ಕದ್ದನ್ನು ಬಿಡುವುದು. ಅದು ನನಗೆ ತಟ್ಟನೆ ಹಿಡಿಯಿತು. ಕ್ರಾಸ್ ಸ್ಟಿಚ್ಚಿನ ನಮೂನೆಯ ಹಾಳೆಯಲ್ಲಿಯೂ ಚೌಕಗಳಲ್ಲಿ ಬಣ್ಣ ತುಂಬಿರುವುದಿಲ್ಲ, ಬರೀ ಅಂಕಿ ಇರುತ್ತದೆ. ಏಳು ಎಂದರೆ ಯಾವ ದಾರ, ಹನ್ನೆರಡು ಎಂದರೆ ಯಾವ ದಾರ ಎಂಬ ಪಟ್ಟಿ ಪಕ್ಕದಲ್ಲಿರುತ್ತದೆ. ಇಲ್ಲಿಯೂ ಅಷ್ಟೇ. ಚಿತ್ರದ ತಲೆಯಲ್ಲಿ ಬಣ್ಣದ ಪಟ್ಟಿ, ಕೆಳಗೆ ಒಂದೊಂದು ಚುಕ್ಕೆಗೂ ಒಂದೊಂದು ಅಂಕಿ. ಹಾಗೆ ಮಾಡಿದರೆ ಚಿತ್ರ ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಆ ಕೆಲಸ ಮಾಡುವ ಪ್ರೋಗ್ರಾಮನ್ನು ನಾನೇ ಬರೆದೆ. ಒಂದು ಫ್ಲಾಪಿಯಲ್ಲಿ ಪ್ರೋಗ್ರಾಮು, ಇನ್ನೊಂದರಲ್ಲಿ ಚಿತ್ರಗಳು. ನಮ್ಮ ಕಂಪ್ಯೂಟರಿನಲ್ಲಿ ಹಾಕಿ ಎಲ್ಲರಿಗೂ ತೋರಿಸಿದೆ. ತೋಟ ಹಸಿರು, ಕೊಬ್ಬರಿಯ ಬೆನ್ನು ಕಂದು, ಹೊಟ್ಟೆ ಬಿಳಿ. “ಅಯ್ಯೋ, ಕೈ ಹಾಕಿ ತಗಂಬುಡ್ಬೇಕು ಅನ್ನಂಗೈತೆ,” ಅಂದರು ಅತ್ತೆ. ಕೊರಿಯರ್ ಮಾಡಿದೆವು.

ಆಮೇಲೆ ಮಾವನವರ ಆಪರೇಶನ್, ನೀಲಿ ಹಾಲು, ಕಪ್ಪು ಕನ್ನಡಕ.

ಒಂದು ಗುರುವಾರ ನಾನು ಹಿತ್ತಲಲ್ಲಿದ್ದಾಗ ಫೋನು ಬಂತು. ಮಾವನವರೇ ಎತ್ತಿದರು. ನಾನು ಕೈ ಒರೆಸಿಕೊಂಡು ಬರುವಷ್ಟರಲ್ಲಿ ಅವರು ಫೋನಿಟ್ಟು, ಮುಖ ಅರಳಿಸಿಕೊಂಡು ನಿಂತಿದ್ದರು.

“ಎಂಥಾ ಭಕ್ತ ಕಣಮ್ಮ ಅವ್ನು! ಆ ಉತ್ತರದೋನು. ಒಂದೂ ಮಾತು ತಿಳೀನಿಲ್ಲ, ಬುಡು. ಆದ್ರೆ ಬಾಯಿ ಬುಟ್ರೆ ಹರಾ, ಹರಾ ಅಂತಾನೆ. ನಾನೂ ಹರಹರ ಮಾದೇವಾ ಅಂದೆ. ಇನ್ನೂ ಜೋರಾಗಿ ಹರಾ ಅಂದ!”

“ನಿಮ್ ಹಂಗೇ ಇರ್ಬೇಕು, ಬೆಳಿಗ್ಗೆದ್ದು ವಿಭೂತಿ ಹಚ್ಕಂಡು ಕೂತಿರ್ತಾನೆ,” ಅಂದರು ಅತ್ತೆ.

ಆವತ್ತು, ಮರುದಿನ, ಜಗುಲಿಗೆ ಬಂದವರಿಗೆಲ್ಲ ಅದೇ ಕತೆ. ಅಷ್ಟು ದೂರದಲ್ಲಿದ್ದರೂ ಶಿವನ ಹೆಸರು ಹೇಳದೆ ವ್ಯಾಪಾರದ ಮಾತು ಎತ್ತುವುದಿಲ್ಲ, ಅಂಥವನಿಗೇ ನಮ್ಮ ಕೊಬ್ಬರಿ ಹೋಗಬೇಕು ಎಂದು. ನಾನು ಮಾತ್ರ ಆ ಕತೆಗೆ ತಲೆಯಾಡಿಸಲಿಲ್ಲ. ಕಾನ್ವೆಂಟಿನಲ್ಲಿ ಹಿಂದಿ ಓದಿದ್ದೆ. ಹರಾ ಎಂದರೆ ಏನೆಂದು ಗೊತ್ತಿತ್ತು. ಆದರೆ ಮೊದಲ ಪುಟದ ತೋಟ ನೋಡಿ ಹಸಿರು ಹಸಿರಾಗಿದೆ ಅಂದಿರಬಹುದಲ್ಲ, ಎಂದುಕೊಂಡು ಮನಸ್ಸನ್ನು ಕೂರಿಸಿದೆ. ಅದು ಕೂರಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಬಿತ್ತು.

ಶನಿವಾರ ಮತ್ತೆ ಫೋನು. ಈ ಸಲ ನಾನು ಎತ್ತಿದೆ. ಮಾವನವರು ಪಕ್ಕದಲ್ಲೇ ಬಂದು ನಿಂತು, “ನನ್ ನಮಸ್ಕಾರ ಹೇಳು, ಹೇಳು,” ಅನ್ನುತ್ತಿದ್ದರು.

“ಮಾಲ್ ತೋ ಹರಾ ಹೈ, ಬಹನ್‌ಜೀ. ಪೂರಾ ಹರಾ.”

ಮಾಲೆಲ್ಲ ಹಸಿರಾಗಿದೆ, ಬೂಷ್ಟು ಹಿಡಿದಿದೆ, ಮನೆಯವರೆಲ್ಲ ಕೂತು ಕಣ್ಣಾರೆ ನೋಡಿದೆವು, ಇಂಥದ್ದನ್ನು ತೋರಿಸುವುದಕ್ಕೆ ನಿಮಗೆ ಸಂಕೋಚವಾಗಲಿಲ್ಲವಲ್ಲ ಎಂದು ಆತ ಸೌಮ್ಯವಾಗಿಯೇ ಹೇಳಿದರು. ಬೈದಿದ್ದರೆ ವಾಸಿಯಿತ್ತು. ನಾನು ಏನೋ ತೊದಲಿ ಫೋನಿಟ್ಟೆ.

“ಏನಂದ? ನಮಸ್ಕಾರ ಹೇಳ್ದಾ?”

“ಮಾವ, ಅದು… ಅವರಿಗೆ ಚಿತ್ರದಲ್ಲಿ ಬಣ್ಣ ಸ್ವಲ್ಪ…”

“ಹರಾ ಅಂದ್ನಾ ಇವತ್ತೂ?”

“ಅಂದರು ಮಾವ. ಹಿಂದಿಯಲ್ಲಿ ಹರಾ ಎಂದರೆ ಹಸಿರು.”

ಅವರು ನಗುತ್ತಲೇ ಇದ್ದರು, ಆ ನಗು ಹೋಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. “ಹಸ್ರು ಅಂದ್ರೆ, ಬೂಷ್ಟಾ?” ಅಂದರು. ನಾನು ತಲೆಯಾಡಿಸಿದೆ. ಕಪ್ಪು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. ಆವತ್ತು ಮತ್ತೆ ಹಾಕಿಕೊಳ್ಳಲಿಲ್ಲ.

ಮಧ್ಯಾಹ್ನವೇ ಅಟ್ಟ ಹತ್ತಿದರು. ಅತ್ತೆ ಬೇಡವೆಂದರೂ ಕೇಳಲಿಲ್ಲ. ಒಂದು ಬುಟ್ಟಿ ಉಂಡೆ ಇಳಿಸಿಕೊಂಡು ಜಗುಲಿಯಲ್ಲಿ ಕೂತು, ಒಂದೊಂದನ್ನೂ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಇನ್ನೊಂದು ಮುಚ್ಚಿ ನೋಡಿ, ಕೊನೆಗೆ ಮಚ್ಚಿನಿಂದ ಹೊಡೆದು ಎರಡು ಹೋಳು ಮಾಡುವರು. ಒಳಗೆ ಬೆಳ್ಳಗಿರುತ್ತಿತ್ತು. ನನ್ನನ್ನು ಕರೆಯುವರು. “ಇದು ಬೆಳ್ಳಗೈತಾ ಅಮ್ಮಯ್ಯ?” “ಬೆಳ್ಳಗಿದೆ ಮಾವ.” “ನಂಗೂ ಹಂಗೇ ಕಾಣ್ತದೆ,” ಎಂದು ಸಂತೋಷವಿಲ್ಲದೆ ಹೇಳಿ ಮುಂದಿನದನ್ನು ಹೊಡೆಯುವರು. ಉಂಡೆಯಾಗಿದ್ದರೆ ಎಲ್ಲಿಗೋ ಹೋಗಬೇಕಾಗಿದ್ದ ಒಳ್ಳೆಯ ಕೊಬ್ಬರಿ, ಹೋಳುಹೋಳಾಗಿ ಮೊರ ತುಂಬಿತು. ಅತ್ತೆ ಮಿಠಾಯಿ ಮಾಡಿ ಬೀದಿಯವರಿಗೆಲ್ಲ ಹಂಚಿದರು. “ಏನ್ ವಿಶೇಷ ಕಣಕ್ಕ, ಸೊಸೆಗೇನಾದ್ರೂ…” ಎಂದು ಕೇಳಿದವರಿಗೆ, “ವಿಶೇಷ ಎಲ್ಲಿ ಬಂತು, ಯಜಮಾನ್ರಿಗೆ ಹುಚ್ಚು ಹಿಡ್ದದೆ, ತಿನ್ನಿ,” ಅಂದರಂತೆ.

ನಾನು ಕಂಪ್ಯೂಟರ್ ಹಾಕಿ ಚಿತ್ರಗಳನ್ನು ಮತ್ತೆ ಮತ್ತೆ ನೋಡಿದೆ. ಎಲ್ಲಿಯೂ ಹಸಿರಿಲ್ಲ. ಮಾವನವರನ್ನು ಕರೆದು ಕೂರಿಸಿ ತೋರಿಸಿದೆ.

“ನೋಡಿ, ಇಲ್ಲಿ ಚೆನ್ನಾಗಿಯೇ ಇದೆಯಲ್ಲ ಮಾವ. ಅವರು ಏನೋ ತಪ್ಪು ತಿಳಿದಿದ್ದಾರೆ.”

“ನಿನ್ ಮಿಷನ್ನಲ್ಲೂ ಸರಿ ಕಾಣ್ತದೆ, ನನ್ ಕಣ್ಗೂ ಸರಿ ಕಾಣ್ತದೆ. ಅವರ ಮನೇಲಿ ಅಷ್ಟೂ ಜನಕ್ಕೆ ಹಸ್ರು ಕಾಣ್ತದೆ. ಅಂದ್ರೆ ಏನು? ನನ್ ಕಣ್ಣು ಹೋಗೈತೆ ಕಣಮ್ಮ. ಆಪ್ರೇಶನ್ಗಿಂತ ಮುಂಚೇನೇ ಹೋಗಿತ್ತು, ನಾನೇ ಆರ್ಸಿ ಕೊಟ್ಟಿದ್ದಲ್ವಾ.”

“ನನಗೂ ಕಾಣುತ್ತಿಲ್ಲವಲ್ಲ ಮಾವ.”

“ನಿಂಗೆ ಬೂಷ್ಟು ಏನು ಗೊತ್ತು, ನೀನು ಪ್ಯಾಟೆಯೋಳು,” ಅಂದರು. ಬೇಸರದಿಂದಲ್ಲ, ನನ್ನ ಮೇಲೆ ಕನಿಕರಪಟ್ಟ ಹಾಗೆ.

ಭಾನುವಾರ ಬೆಳಿಗ್ಗೆ ಶೆಟ್ಟಿಕೆರೆಯವರೊಬ್ಬರು ಎಂದಿನಂತೆ ಚೀಲ ತಂದು ಉಂಡೆ ಉರುಳಿಸಿದರು. ಮಾವನವರು ನೋಡಲೇ ಇಲ್ಲ. “ಇನ್ಮೇಲೆ ಬ್ಯಾರೆ ಯಾರನ್ನಾದ್ರೂ ಕೇಳಪ್ಪ,” ಎಂದು ಒಳಗೆದ್ದು ಹೋದರು. ಬಂದವರು ಏನು ತಪ್ಪಾಯಿತೋ ಎಂದು ನನ್ನ ಮುಖ, ಅತ್ತೆಯ ಮುಖ ನೋಡಿ, ಚೀಲ ಕಟ್ಟಿಕೊಂಡು ಹೋದರು. ಸಂಜೆ ಮಾವನವರು ನನ್ನವರಿಗೆ ಹೇಳಿದರು: “ಬುಧವಾರಕ್ಕೆ ಮಿಲ್ಲಿನೋರ ಗಾಡಿಗೆ ಹೇಳಿವ್ನಿ. ಅಟ್ಟದಲ್ಲಿರೋದೆಲ್ಲ ಎಣ್ಣೆಗೆ ಹಾಕ್ಬುಡಾನ. ನೋಡ್ದೆ, ಗೊತ್ತಿಲ್ದೆ, ಯಾರ್ಗೋ ಕೆಟ್ಟಿದ್ದು ಕೊಡೋದು ಬ್ಯಾಡ.”

“ಅಪ್ಪಾ, ಒಡೆದಿದ್ರಲ್ಲಿ ಒಂದೂ ಕೆಟ್ಟಿಲ್ವಲ್ಲ,” ಅಂದರು ನನ್ನವರು.

“ಕೆಟ್ಟಿದ್ದು ನಂಗೆ ಕಾಣ್ಬೇಕಲ್ಲಾ.”

ವರ್ಷವಿಡೀ ಒಣಗಿದ ಕಾಯಿ ಹೋಗುವುದಕ್ಕಿಂತ, ಮಾವನವರು ಜಗುಲಿಯಿಂದ ಎದ್ದು ಹೋದದ್ದು ನನಗೆ ಹೆಚ್ಚು ಚುಚ್ಚುತ್ತಿತ್ತು. ಸೋಮವಾರ ಎದ್ದಾಗಿನಿಂದ ಒಂದು ಕಡೆ ನಿಂತಲ್ಲಿ ನಿಲ್ಲಲಾರೆ. ಅಲ್ಲಿ ಹಸಿರು, ಇಲ್ಲಿ ಇಲ್ಲ. ಫ್ಲಾಪಿ ಒಂದೇ, ಅಂಕಿಗಳು ಅವೇ, ಪಟ್ಟಿ ಅದೇ. ಮಿಕ್ಕದ್ದೇನು? ಹಾಲು ಉಕ್ಕಿತು. ಅತ್ತೆ ಪಾತ್ರೆ ಕಿತ್ತುಕೊಂಡು, “ಹೋಗೇ ತಾಯಿ, ಎಲ್ಲಿಗೆ ಹೋಗ್ಬೇಕೋ ಹೋಗಿ ಬಾ,” ಅಂದರು.

ಆ ವ್ಯಾಪಾರಿಗೆ ಫೋನು ಮಾಡಿ ಕೇಳಿದೆ: ಮೊದಲ ಪುಟದ ತೋಟ ನಿಮಗೆ ಹೇಗೆ ಕಂಡಿತು? “ಬಹುತ್ ಸುಂದರ್,” ಅಂದರು ಆತ. ಗರಿಗರಿಯೂ ಎಣಿಸುವಷ್ಟು ಚೆನ್ನಾಗಿದೆಯಂತೆ. ಕೊಬ್ಬರಿ ಮೂಡಿದಾಗಲೇ ಹಸಿರಂತೆ. ನಿಮ್ಮ ಕಂಪ್ಯೂಟರ್ ಹೊಸದೇ ಎಂದು ಕೇಳಿದೆ. ಇಲ್ಲ, ಬಹಳ ಹಳೆಯದು, ಲೆಕ್ಕಕ್ಕೆ ಇಟ್ಟುಕೊಂಡದ್ದು ಅಂದರು.

ತೋಟ ಚೆನ್ನ, ಕೊಬ್ಬರಿ ಹಸಿರು, ಯಂತ್ರ ಹಳೆಯದು. ಚಪ್ಪಲಿ ಮೆಟ್ಟಿಕೊಂಡವಳು ಸೀದಾ ತಿಪಟೂರು ಬಸ್ಸು ಹತ್ತಿದೆ. ಕ್ಲಾಸಿನ ಮೂಲೆಯಲ್ಲಿ ಟೈಪಿಂಗ್ ಕಲಿಯುವವರಿಗೆಂದು ಬಿಟ್ಟಿದ್ದ ಒಂದು ಹಳೆಯ ಕಂಪ್ಯೂಟರ್ ಇತ್ತು. ನನ್ನ ಹತ್ತಿರವಿದ್ದ ಫ್ಲಾಪಿಗಳ ನಕಲನ್ನು ಅದಕ್ಕೆ ಹಾಕಿದೆ. ಅದು ಗೊರಗೊರ ಅಂದು, ತೋಟವನ್ನು ತೋರಿಸಿತು. ಆಮೇಲೆ ಅದರ ಮೇಲೆ ಮೊದಲ ಕೊಬ್ಬರಿ ಮೂಡಿತು. ಬೆನ್ನಿನ ಕಂದು ಎಲ್ಲ ಪಾಚಿಯ ಬಣ್ಣ, ಬಿಳಿಯ ಹೊಟ್ಟೆಯಲ್ಲಿ ತೇಪೆ ತೇಪೆಯಾಗಿ ತಿಳಿಹಸಿರು.

“ಅಕ್ಕಾ, ಇದೇನು ಹಾಗಲಕಾಯಾ?” ಎಂದಳು ಪಕ್ಕದಲ್ಲಿ ಟೈಪು ಮಾಡುತ್ತಿದ್ದ ಹುಡುಗಿ.

ಮೇಷ್ಟ್ರು ಬಂದು ನೋಡಿದರು, ನಕ್ಕರು. “ಮೇಡಂ, ಈ ಹಳೇ ಮಿಷನ್ನು ತೆರೆ ಮೇಲೆ ಒಂದ್ಸಲಕ್ಕೆ ಇನ್ನೂರೈವತ್ತಾರು ಬಣ್ಣಾನೇ ಕೂರ್ಸದು. ನಿಮ್ ಮನೇದು ಹೊಸದು, ಅದಕ್ಕೆ ಲಕ್ಷಗಟ್ಟಲೆ ಬಣ್ಣ ಬತ್ತದೆ, ಒಂದೊಂದು ಚಿತ್ರಾನೂ ಅದದರ ಪಟ್ಟೀಲೇ ತೋರಿಸ್ತದೆ. ಇಲ್ಲಿ ಹಂಗಾಗಲ್ಲ. ನಮ್ ಸಂತೆ ದಿನದ ಬಸ್ ನೋಡಿದೀರಲ್ಲ? ಮೊದ್ಲು ಬಂದೋರು ಕಿಟಕೀಲಿ ಟವಲ್ ಎಸ್ದು ಸೀಟ್ ಹಿಡೀತಾರೆ. ನಿಮ್ ತೋಟ ಮೊದ್ಲು ಬಂತು. ಅದರ ಹಸ್ರುಗಳೆಲ್ಲ ಟವಲ್ ಹಾಕ್ಬುಟ್ವು. ಆಮೇಲೆ ಹತ್ತಿದ ಕೊಬ್ಬರಿಗೆ ಕಂದು ಸೀಟೇ ಇಲ್ಲ. ಯಾವ ಹಸ್ರು ಒಸಿ ಹತ್ರ ಇತ್ತೋ ಅದರ ಮಡ್ಲಲ್ಲೇ ಕೂತೈತೆ.”

ನಮ್ಮ ತೋಟದ ಹಸಿರೇ ನಮ್ಮ ಕೊಬ್ಬರಿಗೆ ಬೂಷ್ಟಾಗಿತ್ತು. ನನಗೆ ನಗು ಬಂತು. ದಾರಿ ಒಂದೇ: ತೋಟಕ್ಕೊಂದು, ಕೊಬ್ಬರಿಗೊಂದು ಎಂದು ಬೇರೆ ಬೇರೆ ಪಟ್ಟಿ ಇರಬಾರದು. ಎಲ್ಲ ಚಿತ್ರಗಳಿಗೂ ಸೇರಿ ಒಂದೇ ಪಟ್ಟಿ. ಅದರಲ್ಲಿ ಹಸಿರಿಗೆ ಇಷ್ಟು, ಕಂದಿಗೆ ಇಷ್ಟು, ಬಿಳಿಗೆ ಇಷ್ಟು ಎಂದು ಮೊದಲೇ ಸೀಟು ಹಂಚಿಡಬೇಕು. ಸಂಜೆ ಮನೆಗೆ ಬಂದು ಕೂತೆ. ಒಂದು ಹೋಳನ್ನು ತೆರೆಯ ಪಕ್ಕ ಹಿಡಿದು ನೋಡಿದರೆ ನಾನು ಬಿಳಿ ಎಂದುಕೊಂಡದ್ದರಲ್ಲಿ ಎಷ್ಟೊಂದು ಬಿಳಿ: ಅಂಚಿನಲ್ಲಿ ಕೆನೆ, ನಡುವೆ ಅನ್ನದ ಗಂಜಿ, ತಳದಲ್ಲಿ ಹಳೆಯ ದಂತದ ಬಾಚಣಿಗೆ. ಕಂದುಗಳಿಗಂತೂ ಹೆಸರು ಸಾಲದು. ಅವಕ್ಕೆಲ್ಲ ಜಾಗ ಕೊಟ್ಟು ತೋಟದ ಹಸಿರುಗಳನ್ನು ಕಡಿದೆ. ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಹೊಸ ಫ್ಲಾಪಿ ಸಿದ್ಧವಾಯಿತು. ತೋಟ ಒಗೆದು ಒಗೆದು ಬಣ್ಣ ಬಿಟ್ಟ ಸೀರೆಯ ಹಾಗಿತ್ತು. ಕೊಬ್ಬರಿ ಕೊಬ್ಬರಿಯಾಗಿತ್ತು.

“ಮಾವ, ನನ್ನ ಜೊತೆ ತಿಪಟೂರಿಗೆ ಬನ್ನಿ.”

“ನಾಳೆ ಗಾಡಿ ಬತ್ತದೆ, ಇಳ್ಸೋ ಕೆಲ್ಸ ಐತೆ.”

“ಅದಕ್ಕೇ ಇವತ್ತೇ ಬನ್ನಿ.”

“ಹೋಗ್ಬನ್ರೀ,” ಅಂದರು ಅತ್ತೆ. “ಆ ಹುಡ್ಗಿ ಎರಡು ದಿವಸದಿಂದ ಕಾಲಿಗೆ ಚಕ್ರ ಕಟ್ಕಂಡವ್ಳೆ. ಹಾಲು ಉಕ್ಸದು ನಿಂತ್ರೆ ಸಾಕು.”

ಮಹಡಿಯ ಮೆಟ್ಟಿಲು ಕಡಿದು. ನನ್ನ ಭುಜ ಹಿಡಿದು ನಿಧಾನಕ್ಕೆ ಹತ್ತಿದರು. ಮೂಲೆಯ ಕಂಪ್ಯೂಟರಿನ ಮುಂದೆ ಕುರ್ಚಿ ಹಾಕಿ ಕೂರಿಸಿದೆ. ನನ್ನ ಲೆಕ್ಕ ಹೀಗಿತ್ತು: ಮೊದಲು ಕೆಟ್ಟ ಫ್ಲಾಪಿ ತೋರಿಸುವುದು, ಆಮೇಲೆ ಸರಿಮಾಡಿದ್ದನ್ನು ತೋರಿಸುವುದು, ಆಮೇಲೆ ಟವಲಿನ ಕತೆ ಹೇಳಿ ಸಮಾಧಾನ ಮಾಡುವುದು. ಹಳೆಯ ಫ್ಲಾಪಿ ಹಾಕಿದೆ. ತೋಟ ಬಂತು. ಮಾವನವರು ತಮ್ಮ ಮರಗಳನ್ನು ಗುರುತು ಹಿಡಿದು ಸುಮ್ಮನೆ ಹೂಂ ಅಂದರು. ಅದರ ಮೇಲೆ ಕೊಬ್ಬರಿ ಮೂಡಿತು.

ಅವರು ಕುರ್ಚಿಯಿಂದ ಅರ್ಧ ಎದ್ದರು. ಕನ್ನಡಕ ತೆಗೆದರು. ಎಡಗಣ್ಣು ಮುಚ್ಚಿದರು. ಬಲಗಣ್ಣು ಮುಚ್ಚಿದರು.

“ಬೂಷ್ಟು,” ಅಂದರು.

“ಮಾವ, ಅದು ನಿಜವಾದದ್ದಲ್ಲ, ಹೇಳುತ್ತೇನೆ ಕೇಳಿ…”

“ಬೂಷ್ಟು ಕಣಮ್ಮ! ಇಲ್ಲೈತೆ, ಇಲ್ಲೈತೆ, ನೋಡು, ಬೆನ್ ಮೇಲೆಲ್ಲ ಐತೆ!” ಬೆರಳು ಗಾಜಿನ ಮೇಲೆ ಓಡುತ್ತಿತ್ತು. “ಈ ಕಣ್ಣಲ್ಲೂ ಕಾಣ್ತದೆ! ಈ ಕಣ್ಣಲ್ಲೂ ಕಾಣ್ತದೆ!”

ಟೈಪು ಮಾಡುತ್ತಿದ್ದವರೆಲ್ಲ ಕೈ ನಿಲ್ಲಿಸಿದರು. ತಮ್ಮದೇ ಕೊಬ್ಬರಿಯಲ್ಲಿ ಬೂಷ್ಟು ಕಂಡು ಅಷ್ಟು ಹಿಗ್ಗಿದ ಮನುಷ್ಯರನ್ನು ಅವರಾರೂ ನೋಡಿರಲಿಲ್ಲ. ನನಗೂ ತಕ್ಷಣ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಕೊಬ್ಬರಿಯ ಮೇಲೆ ಹಸಿರಿದ್ದರೆ ಆ ಕಣ್ಣುಗಳಿಗೆ ಕಾಣುತ್ತದೆ. ಹಾಗಾದರೆ ಅಟ್ಟದಲ್ಲಿ ಕಾಣದಿದ್ದದ್ದು, ಇಲ್ಲದ್ದರಿಂದ ಕಾಣಲಿಲ್ಲ. ನಾನು ರಾತ್ರಿಯೆಲ್ಲ ಕೂತು ಹಂಚಿದ ಕಂದು, ಬಿಳಿಗಳು ಅವರಿಗೆ ಬೇಕಾಗಿರಲೇ ಇಲ್ಲ. ಬೇಕಾಗಿದ್ದದ್ದು ಈ ಹಾಳು ಹಸಿರು.

“ನಮ್ ಮನೇಲಿ ಇದು ಇರ್ನಿಲ್ಲ ಅಲ್ವಾ?” ಎಂದು ಕೇಳಿದರು.

“ಇರಲಿಲ್ಲ ಮಾವ. ಒಂದು ಚೂರೂ ಇರಲಿಲ್ಲ. ಇದು ಈ ಯಂತ್ರದ್ದು. ಅವರ ಮನೆಯಲ್ಲಿರುವುದೂ ಇಂಥದ್ದೇ.”

“ಮೇಡಂ, ಸರಿ ಮಾಡಿದ್ದೂ ತೋರ್ಸಿ,” ಅಂದರು ಮೇಷ್ಟ್ರು. ಹೊಸ ಫ್ಲಾಪಿ ಹಾಕಿದೆ. ಮಾವನವರು ಅದನ್ನು ಮರ್ಯಾದೆಗೆ ಒಂದು ಸಲ ನೋಡಿ, “ಇದು ಬುಡು, ಇದು ಮನೇಲೇ ಐತೆ,” ಎಂದು ಎದ್ದರು. “ಇಲ್ಲಿ ಫೋನೆಲ್ಲೈತೆ?”

ಮೆಟ್ಟಿಲಿಳಿಯುವಾಗ ನನ್ನ ಭುಜ ಹಿಡಿಯಲಿಲ್ಲ. ಕೆಳಗಿನ ಎಸ್.ಟಿ.ಡಿ. ಬೂತಿನಲ್ಲಿ ಮಿಲ್ಲಿನವರಿಗೆ ಫೋನು ಮಾಡಿದರು. ಬಾಗಿಲು ಹಾಕಿಕೊಂಡಿದ್ದರೂ ಬಸ್ಸಿಗೆ ಕಾಯುತ್ತಿದ್ದವರಿಗೆಲ್ಲ ಕೇಳಿಸಿತು.

“ನಾಳೆ ಗಾಡಿ ಬ್ಯಾಡ ಕಣಪ್ಪ… ಬ್ಯಾಡ ಅಂದ್ರೆ ಬ್ಯಾಡ… ಬೂಷ್ಟಾ? ಬೂಷ್ಟು ಐತೆ, ಕೊಬ್ಬರೀಲಿ ಅಲ್ಲ, ಕಂಪ್ಯೂಟರ್‌ನಲ್ಲಿ ಐತೆ. ಕಣ್ಣಾರೆ ನೋಡ್ಕಂಡು ಬಂದಿವ್ನಿ… ಏನಂದೆ? ನಿನ್ ಕಣ್ಣ ತೋರ್ಸು ಹೋಗಲಾ ಡಾಕ್ಟ್ರಿಗೆ, ನನ್ ಕಣ್ಣು ಚೆನ್ನಾಗೈತೆ!”

ಆಮೇಲೆ ಬಾಗಿಲು ತೆಗೆದು ನನ್ನನ್ನು ಒಳಗೆ ಕರೆದರು. “ಈಗ ಆ ಉತ್ತರದೋನ್ಗೆ ಮಾಡು.”

ಬೂತಿನಲ್ಲಿ ಇಬ್ಬರಿಗೆ ಜಾಗವಿರಲಿಲ್ಲ. ಒತ್ತಿಕೊಂಡು ನಿಂತು ನಂಬರು ಒತ್ತಿದೆ. ಟವಲು, ಸೀಟು, ಪಟ್ಟಿ ಇವಕ್ಕೆಲ್ಲ ಹಿಂದಿಯಲ್ಲಿ ಏನನ್ನಬೇಕೆಂದು ಹುಡುಕುತ್ತಿದ್ದೆ. ಸಿಸ್ಟರು ಕಲಿಸಿದ ಹಿಂದಿಯಲ್ಲಿ ಹಿಮಾಲಯ, ಗೋಮಾತೆಗಳಿಗೆ ಬೇಕಾದಷ್ಟು ಮಾತಿತ್ತು, ಇದಕ್ಕಿರಲಿಲ್ಲ.

“ಅವೆಲ್ಲ ಆಮ್ಯಾಕೆ,” ಅಂದರು ಮಾವ, ನನ್ನ ತುಟಿ ಅಲ್ಲಾಡುವುದನ್ನು ನೋಡಿ. “ಮೊದ್ಲು ನನ್ ಕಣ್ಣು ಚೆನ್ನಾಗೈತೆ ಅಂತ ಹೇಳು. ಯಾಪಾರ ಬೇಕಾದ್ರೆ ಮಾಡ್ಲಿ, ಬುಟ್ರೆ ಬುಡ್ಲಿ.”

ಅತ್ತ ಫೋನೆತ್ತಿದರು. ನಾನು ನಮಸ್ಕಾರ ಹೇಳಿ, ನಮ್ಮ ಮಾವನವರ ಕಣ್ಣು ಚೆನ್ನಾಗಿದೆ, ಎರಡೂ ಕಣ್ಣು ಚೆನ್ನಾಗಿದೆ ಎಂದೆ. ಆತನಿಗೆ ಇವರ ಕಣ್ಣಿಗೆ ಏನಾಗಿತ್ತೆಂಬುದೇ ಗೊತ್ತಿರಲಿಲ್ಲ. ಆದರೂ ಬಹಳ ವಿನಯದಿಂದ, ಕೇಳಿ ತುಂಬ ಸಂತೋಷವಾಯಿತು ಬಹನ್‌ಜೀ, ಅವರಿಗೆ ನನ್ನ ಪ್ರಣಾಮ ತಿಳಿಸಿ ಅಂದರು.

“ಏನಂದ?”

“ಸಂತೋಷವಾಯಿತಂತೆ ಮಾವ. ನಿಮಗೆ ಪ್ರಣಾಮ ಅಂದರು.”

“ನಾನ್ ಹೇಳ್ಳಿಲ್ವಾ,” ಅಂದರು ಮಾವ, ಬೂತಿನ ಗಾಜಿನಾಚೆ ನಿಂತಿದ್ದವರ ಕಡೆ ನೋಡುತ್ತ. “ಒಳ್ಳೇ ಮನ್ಸ. ಹ್ಞೂಂ, ಈಗ ಹೇಳು ನಿನ್ ಟವಲ್ ಕತೆ.”